ಅಲೋಸಾರಸ್‌ನ ಮೂರನೆಯ ಬೆರಳು

ಮೊನ್ನೆ ದೋಸೆಗೆಂದು ನೆನೆಹಾಕಿದ್ದ ಮೆಂತ್ಯದ ಮುಚ್ಚಳ ತೆಗೆದೆ. ಆ ಕಹಿ ವಾಸನೆಯ ಜೊತೆ ಯಾದವಗಿರಿಯ ನಮ್ಮ ಮನೆಯ ಹಿತ್ತಲು, ಒರಳುಕಲ್ಲಿನ ಮುಂದೆ ಸೆರಗು ಸಿಕ್ಕಿಸಿ ಕೂತ ಲಲಿತತ್ತೆ ಒಟ್ಟಿಗೆ ಎದ್ದು ಬಂದರು. ಲಲಿತತ್ತೆ ಅಪ್ಪನ ತಂಗಿ. ಹೈಸ್ಕೂಲಿನಲ್ಲಿ ಜೀವಶಾಸ್ತ್ರದ ಟೀಚರ್, ಮದುವೆಯಾಗದೆ ನಮ್ಮೊಂದಿಗೇ ಇದ್ದವರು. ನಿಮ್ಮ ಮನೆಗಳಲ್ಲೂ ಹಿರಿಯರು ನೆನೆಸಿದ ಕಾಗದವನ್ನು ಮೆಂತ್ಯದ ಜೊತೆ ರುಬ್ಬಿ ಬುಟ್ಟಿ ಮಾಡುತ್ತಿದ್ದಿರಬಹುದು. ಅತ್ತೆ ಅದೇ ಹಿಟ್ಟಿನಲ್ಲಿ ನನ್ನ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಅಲೋಸಾರಸ್ ಎಂಬ ಡೈನೋಸಾರ್ ಮಾಡಿದರು. “ಒರಳಲ್ಲಿ ಪೇಪರ್ ರುಬ್ತಾಳೆ, ನಾಳೆ ಇಡ್ಲೀಲಿ ಸುದ್ದಿ ಓದ್ಬೇಕಾಗತ್ತೆ” ಎಂದು ಅಜ್ಜಿ ಗೊಣಗುತ್ತಿದ್ದರು.

ಎರಡು ತಿಂಗಳು ಹಿಡಿಯಿತು. ತಲೆ, ಕತ್ತು, ಎರಡು ಕೈ, ಅಷ್ಟೇ. ಆದರೂ ನನಗಿಂತ ಎತ್ತರ. ಥಂಡಿಗೆ ಎರಡು ಸಲ ದವಡೆ ಕಳಚಿ ಬಿತ್ತು, ಎರಡು ಸಲವೂ ಅತ್ತೆ ಹಲ್ಲು ಕಚ್ಚಿಕೊಂಡು ಮತ್ತೆ ಕಟ್ಟಿದರು. ಕಣ್ಣಿನ ಮೇಲೆ ಪುಟ್ಟ ಕೊಂಬು, ತೆಂಗಿನ ಚಿಪ್ಪನ್ನು ಉಜ್ಜಿ ಮಾಡಿದ ಉಗುರು. “ಕೈಗೆ ಮೂರು ಬೆರಳು ಕಣೇ. ಎರಡು ಬೆರಳಿಂದು ಬೇರೆ, ಅದು ಎಷ್ಟೋ ಕೋಟಿ ವರ್ಷ ಆದ್ಮೇಲೆ ಬಂದಿದ್ದು. ಇದು ಜುರಾಸಿಕ್ ಕಾಲದ್ದು. ಕೇಳಿದೋರಿಗೆ ಹೇಳು” ಎಂದು ಬಾಯಿಪಾಠ ಮಾಡಿಸಿದ್ದರು.

ಪ್ರದರ್ಶನದ ದಿನ ಅತ್ತೆಗೆ ತಮ್ಮ ಶಾಲೆಯಲ್ಲಿ ಪರೀಕ್ಷೆಯ ಕೆಲಸ. ಬಹುಮಾನ ಕೊಡಲು ಬಂದಿದ್ದ ತೀರ್ಪುಗಾರರು ನನ್ನ ಮೇಜಿನ ಮುಂದೆ ನಿಂತು, “ಸಿನಿಮಾ ನೋಡಿಲ್ವೇನಮ್ಮ? ಇಂಥಾವಕ್ಕೆ ಎರಡೇ ಬೆರಳು. ಇದೊಂದು ತಪ್ಪಿಲ್ದಿದ್ರೆ ಫಸ್ಟ್ ಪ್ರೈಜ್ ನಿಂದೇ” ಅಂದರು. ಉತ್ತರ ನಾಲಿಗೆಯ ತುದಿಯಲ್ಲಿತ್ತು. ಅವರು ಮುಂದಿನ ಮೇಜಿಗೆ ಹೋದರು. ನಾನು ಅಲೋಸಾರಸ್‌ನ ಎರಡೂ ಕೈಗಳಿಂದ ಒಂದೊಂದು ಬೆರಳು ಮುರಿದು ಲಂಗದ ಜೇಬಿಗೆ ಹಾಕಿಕೊಂಡೆ. ಅವರು ಎರಡನೆಯ ಸುತ್ತು ಬಂದು ನೋಡಿ ಹೋದ ಮೇಲೆ ಮೊದಲ ಬಹುಮಾನ ಬಂತು.

ಸಂಜೆ ಅತ್ತೆ ಆ ಕೈಗಳನ್ನು ನೋಡಿ, “ಯಾರೇ ಮುರಿದಿದ್ದು?” ಅಂದರು. “ಜಡ್ಜ್ ಹೇಳಿದ್ರು...” ಎಂದು ಶುರು ಮಾಡಿದವಳು ಅಳತೊಡಗಿದೆ. ತೀರ್ಪುಗಾರರೇ ಮುರಿದರೆಂದು ಅತ್ತೆ ನಂಬಿಬಿಟ್ಟರು. ನನ್ನನ್ನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಅವರ ಮನೆಗೆ ಹೋದರು. ಎರಡು ಸಲ ಅವರಿರಲಿಲ್ಲ. ಮೂರನೆಯ ಸಲ ಸಿಕ್ಕವರು ನಕ್ಕು, “ಮಕ್ಕಳ ಎಕ್ಸಿಬಿಷನ್ ಕಣ್ರೀ ಮೇಡಂ. ಪ್ರೈಜ್ ಬಂತಲ್ಲ, ಬುಡಿ ಅತ್ಲಾಗೆ” ಅಂದರು. ಅವರಿಗೆ ಯಾವ ಕೈ, ಯಾವ ಬೆರಳು ಎಂಬುದೇ ನೆನಪಿರಲಿಲ್ಲ. ಅತ್ತೆ ಬಹುಮಾನದ ಕಪ್ಪನ್ನು ವಾಪಸ್ ಕೊಡಹೋದರೆ ಅದನ್ನೂ ತೆಗೆದುಕೊಳ್ಳಲಿಲ್ಲ. ಗೇಟಿನಾಚೆ ಬಂದು ಅತ್ತೆ, “ಗೊತ್ತಿಲ್ದಿದ್ರೂ ಪರ್ವಾಗಿಲ್ಲ ಕಣೇ. ಗೊತ್ತಿಲ್ದೆ ಮುರಿದುಬುಡ್ತಾರಲ್ಲ!” ಎಂದರು. ಮೊಪೆಡ್ ಹತ್ತು ಸಲ ತುಳಿದರೂ ಸ್ಟಾರ್ಟ್ ಆಗಲಿಲ್ಲ. ನಾನು ಪಕ್ಕದಲ್ಲಿ ಆ ಕಪ್ಪನ್ನು ಹಿಡಿದುಕೊಂಡು ನಿಂತಿದ್ದೆ.

ಆ ಮನೆ ಈಗಿಲ್ಲ. ಗೆದ್ದಲು ಹಿಡಿದ ಅಲೋಸಾರಸ್ ಅದಕ್ಕೂ ಮೊದಲೇ ಹೋಯಿತು. ಮೊದಲು ಅಜ್ಜಿ, ಆಮೇಲೆ ಅಪ್ಪ, ಹೋದ ವರ್ಷ ಅತ್ತೆ. ಕೊನೆಯವರೆಗೂ ಬಂದವರಿಗೆಲ್ಲ ಅತ್ತೆ ಈ ಕಥೆ ಹೇಳಿ ಆ ತೀರ್ಪುಗಾರರನ್ನು ಬೈಯುತ್ತಿದ್ದರು. ನಾನು ಕಾಫಿಯ ನೆಪದಲ್ಲಿ ಒಳಗೆ ಹೋಗುತ್ತಿದ್ದೆ. ಅವರು ಹಾಸಿಗೆ ಹಿಡಿದ ಮೇಲೆ ಒಮ್ಮೆ ಗಟ್ಟಿ ಮನಸ್ಸು ಮಾಡಿ, “ಅತ್ತೆ, ಆವತ್ತು ಆ ಬೆರಳು...” ಎಂದೆ. ಅವರು ನನ್ನ ಕೈ ಹಿಡಿದುಕೊಂಡರು. “ನೀನೇನು ಮಾಡಕ್ಕಾಗ್ತಿತ್ತು ಬುಡು. ಚಿಕ್ಕ ಮಗು. ಎಷ್ಟು ಅತ್ತಿದ್ದೆ, ಪಾಪ.” ನನಗಾಗ ನಲವತ್ತು ದಾಟಿತ್ತು. ಕಾಫಿ ತರುತ್ತೇನೆಂದು ಎದ್ದು ಒಳಗೆ ಹೋದೆ.