ಸಾವ್ಕಾರನ ಸಕ್ಕರೆ, ಮಾವನ ದನಿ

ನಮ್ಮ ಮಾವ ಬಸಂತರಾಯರು ಸಿಂದಗಿಯಲ್ಲಿ ಸೀನಿದರೆ ಇಂಡಿಯಲ್ಲಿ ಯಾರೋ ‘ಶತಾಯುಷಿ’ ಅನ್ನುತ್ತಾರೆಂದು ನಮ್ಮ ಓಣಿಯಲ್ಲಿ ಮಾತಿದೆ. ದನದ ದಲ್ಲಾಳಿಕೆ ಅವರ ಕಸುಬು. ಇಂಡಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಕಡೆಯ ಸಂತೆಗಳಲ್ಲಿ ವರ್ಷಗಟ್ಟಲೆ ಎತ್ತುಗಳ ಹಲ್ಲು, ಸುಳಿ, ನಡಿಗೆಯನ್ನು ಹೊಗಳಿ ಹೊಗಳಿ ಗಂಟಲು ಹಾಗೆ ಪಳಗಿದೆ. ಮೆಲ್ಲಗೆ ಮಾತಾಡುವುದೆಂದರೆ ಅವರಿಗೆ ಎಡಗೈಯಲ್ಲಿ ಉಂಡಂತೆ. ಒಂದು ಮನೆಗೆ ಒಂದೇ ದನಿ ಸಾಕೆಂದೋ ಏನೋ, ಅವರ ಮಗನಿಗೆ, ಅಂದರೆ ನನ್ನ ಯಜಮಾನರಿಗೆ, ದೇವರು ಮಾತನ್ನೇ ಕೊಟ್ಟಿಲ್ಲ.

ನನ್ನ ಮಗಳು ಆರೋಹಿ ಕೂಸಾಗಿದ್ದಾಗ ಅವಳು ಮಲಗಿದೊಡನೆ ಅತ್ತೆ ಹೊನ್ನವ್ವ ಮಾವನನ್ನು ಹೊಲಕ್ಕೆ ಅಟ್ಟುತ್ತಿದ್ದರು. ಆ ವರ್ಷ ನಮ್ಮ ತೊಗರಿಯನ್ನು ಮಾವ ನೋಡಿದಷ್ಟು ಮಳೆರಾಯನೂ ನೋಡಿರಲಿಕ್ಕಿಲ್ಲ.

ಇಂಥ ಮಾವನಿಗೆ ಜೀವಕ್ಕಿಂತ ಹೆಚ್ಚಿನದೆಂದರೆ ನಮ್ಮ ಬೆಕ್ಕು ಸಾವ್ಕಾರ. ಮುದ್ದೇಬಿಹಾಳದ ಸಂತೆಯಿಂದ ಜುಬ್ಬದ ಕಿಸೆಯಲ್ಲಿಟ್ಟುಕೊಂಡು ತಂದ ಮರಿ ಅದು. ಹಾಲು-ರೊಟ್ಟಿ, ಕೆನೆ, ಶೇಂಗಾ ಹೋಳಿಗೆ ತಿಂದು ತಿಂದು ಹೆಸರಿಗೆ ತಕ್ಕ ಹೊಟ್ಟೆ ಬಂತು, ಹೊಟ್ಟೆಗೆ ತಕ್ಕ ರೋಗವೂ ಬಂತು. ಹೋದ ವರ್ಷ ಬಟ್ಟಲುಗಟ್ಟಲೆ ನೀರು ಕುಡಿಯತೊಡಗಿತು, ಕುಡಿದಷ್ಟೂ ಉಚ್ಚೆ ಹೊಯ್ದು ಸೊರಗಿತು. ವಿಜಯಪುರಕ್ಕೆ ಒಯ್ದರೆ ಪಶುವೈದ್ಯೆ ಮೆಹರಾಜ ಮೇಡಂ ಸಕ್ಕರೆ ರೋಗ ಎಂದರು. ಬೆಳಿಗ್ಗೆ-ಸಂಜೆ ಇನ್ಸುಲಿನ್ ಸೂಜಿ. ಒದೆಯುವ ಹೋರಿಯ ಬಾಯಿಗೆ ಕೈ ಹಾಕುವ ಮಾವ ಆ ಎಳೆ ಸೂಜಿ ಕಂಡರೆ ಕದದ ಹಿಂದೆ ನಿಂತು ‘ಶಿವಾ ಶಿವಾ’ ಅನ್ನುತ್ತಿದ್ದರು. ಅದೂ ಓಣಿಗೆಲ್ಲ ಕೇಳುತ್ತಿತ್ತು.

ತಿನಿಸು ಬದಲಿಸಿದೆವು, ಹೊಟ್ಟೆ ಕರಗಿತು, ಸಕ್ಕರೆ ಇಳಿಯಿತು. ಈ ಬೇಸಿಗೆಯಲ್ಲಿ ಮೇಡಂ ಸೂಜಿ ನಿಲ್ಲಿಸಿದರು.

“ರೋಗ ಹೋಗಿಲ್ರಿ, ಮಲಗೇತಿ ಅಷ್ಟ. ಎಬ್ಬಸಬ್ಯಾಡ್ರಿ,” ಎಂದರು.

“ಆತ್ರೀ ಮೇಡಮ್ಮಾರ!” ಎಂದರು ಮಾವ. ದವಾಖಾನೆಯಲ್ಲಿದ್ದ ನಾಯಿಗಳೆಲ್ಲ ಒಮ್ಮೆಲೇ ಬೊಗಳಿದವು.

ಅಂದಿನಿಂದ ಕಾವಲು ನನ್ನದು. ನೀರಿನ ಬಟ್ಟಲಿಗೆ ಗೆರೆ ಹಾಕಿದ್ದೇನೆ, ಎಷ್ಟು ಇಳಿಯಿತೆಂದು ನೋಡುತ್ತೇನೆ. ಅದು ಉಚ್ಚೆ ಹೊಯ್ಯುವ ಉಸುಕಿನ ಬುಟ್ಟಿಯಲ್ಲಿ ಎಷ್ಟು ಹಸಿ ಗಡ್ಡೆ ಎಂದು ನೋಡುತ್ತೇನೆ. ಬೆಕ್ಕನ್ನೆತ್ತಿಕೊಂಡು ತೂಕದ ಮಷಿನ್ ಮೇಲೆ ನಿಂತು, ಬಂದ ಅಂಕಿಯಲ್ಲಿ ನನ್ನ ತೂಕ ಕಳೆದು, ಉಳಿದದ್ದನ್ನು ಡೈರಿಯಲ್ಲಿ ಬರೆಯುತ್ತೇನೆ. ಕಳೆದದ್ದು ಎಷ್ಟೆಂದು ಎಲ್ಲಿಯೂ ಬರೆಯುವುದಿಲ್ಲ. ವಾರಕ್ಕೊಮ್ಮೆ ಕಿವಿಯ ಅಂಚಿಗೆ ಚುಚ್ಚಿ ಒಂದು ಹನಿ ರಕ್ತ ತೆಗೆದು ಸಕ್ಕರೆ ನೋಡಬೇಕು. ನೂರೈವತ್ತರೊಳಗೆ ಇದ್ದರೆ ನಿಶ್ಚಿಂತೆ. ಮೇಲೇರಿ ಅಲ್ಲಿಯೇ ನಿಂತರೆ ಮತ್ತೆ ಸೂಜಿ.

ಮಾವ ಸಂತೆಗೆ ಹೋದಾಗ ಇದೆಲ್ಲ ಸುಸೂತ್ರವಾಗಿ ನಡೆದಿತ್ತು. ಮೊನ್ನೆ ಅವರ ಮೊಣಕಾಲು ಬಾತು, ಮನೆಯಲ್ಲೇ ಉಳಿಯಬೇಕಾಯಿತು. ಪರೀಕ್ಷೆಯ ಹೊತ್ತಿಗೆ ಸಾವ್ಕಾರನ ಮುಖಕ್ಕೆ ಮುಖ ಕೊಟ್ಟು ಕೂತರು.

“ಏ ಸಾವ್ಕಾರಾ! ಅಂಜಬ್ಯಾಡಲೇ ಮಗನ! ನಾ ಅದೇನಿಲ್ಲೆ!”

ಬೆಕ್ಕಿನ ಬಾಲ ಕಸಬರಿಗೆಯಾಯಿತು. ಕಿವಿಗೆ ಚುಚ್ಚಿದೆ, ಸಕ್ಕರೆ ನೋಡುವ ಮಷಿನ್ ಇನ್ನೂರಾ ಅರವತ್ತೆಂಟು ತೋರಿಸಿತು.

“ಎರಡನೂರಾ ಅರವತ್ತೆಂಟೂ!” ಎಂದು ಮಾವ ಎದೆ ಬಡಿದುಕೊಂಡರು. ಸ್ವಲ್ಪ ಹೊತ್ತಿಗೆ ಎದುರುಮನೆಯ ಹನಮವ್ವ, ಜಡ್ಡಾದವರನ್ನು ಮಾತಾಡಿಸಲು ಬರುವಂತೆ, ಬಿಸ್ಕೀಟಿನ ಪುಡಿಕೆ ಹಿಡಿದು ಬಂದಳು.

“ನಮ್ಮ ಅಣ್ಣಗೂ ಇಷ್ಟ ಇತ್ತವಾ ತಂಗಿ. ಬಾಳ ಒಳ್ಳೆಂವ ಇದ್ದ.”

“ಇದ್ದ ಅಂದ್ರ?” ಎಂದರು ಮಾವ.

“ಈಗ ಇಲ್ಲ.”

ಮಾವ ಗೋಡೆಗೆ ಒರಗಿದರು. ಬಿಸ್ಕೀಟನ್ನು ಆರೋಹಿ ತಿಂದಳು. ತಿಂದವಳು ತನ್ನ ಕಿವಿಗೂ ಚುಚ್ಚು ಎಂದು ಹಟ ಹಿಡಿದಳು.

ಮರುದಿನ ಮತ್ತೆ ನೋಡಿದೆ. ಮಾವ ಈ ಸಲ ಪಿಸುಗುಟ್ಟಿದರು. ಅವರ ಪಿಸುಮಾತೆಂದರೆ ಸೀಟಿ ಹೊಡೆಯುವ ಮೊದಲಿನ ಕುಕ್ಕರ್. ಸಾವ್ಕಾರ ನನ್ನ ಭುಜಕ್ಕೆ ಉಗುರೂರಿತು. ಇನ್ನೂರಾ ಎಂಬತ್ತೊಂದು.

ಮಾವ ಕುಂಟುತ್ತ ಹೋಗಿ ಫ್ರಿಜ್ಜಿನಿಂದ ಇನ್ಸುಲಿನ್ ಬಾಟಲಿ ತಂದು ನನ್ನ ಮುಂದಿಟ್ಟರು. ಕಣ್ಣು ತುಂಬಿದ್ದವು. “ಹಾಕಿಬಿಡವಾ ಸೂಜಿ. ನಾ ಕದದ ಹಿಂದ ನಿಂದರ್ತೇನಿ.”

ಕೈ ಚಾಚಿದೆ. ಆದರೂ ಒಂದು ಮಾತು ಕೇಳೋಣವೆಂದು ಮೇಡಂಗೆ ಫೋನ್ ಹಚ್ಚಿದೆ.

“ನೀರು ಜಾಸ್ತಿ ಕುಡಿತೈತೇನ್ರಿ? ಉಚ್ಚಿ?”

“ಇಲ್ರಿ. ತೂಕಾನೂ ಹಂಗ ಐತ್ರಿ.”

“ಅದೇನ್ರಿ ಗದ್ದಲ? ನೀವು ಬಸ್ ಸ್ಟ್ಯಾಂಡಿನಾಗ ಅದೀರೇನು?”

“ಇಲ್ರಿ ಮೇಡಂ, ನಮ್ಮ ಮಾವಾರು. ಬಾಜೂ ಖೋಲ್ಯಾಗ ದೇವರಿಗೆ ಬೇಡ್ಕೊಳ್ಳಾಕತ್ತಾರ.”

“ಅಂಜಿದ್ರ ಬೆಕ್ಕಿಗೆ ಸಕ್ರಿ ಏರ್ತೈತ್ರಿ. ಆ ಅಂಕಿ ನಂಬಿ ಸೂಜಿ ಹಾಕೀರಿ ಮತ್ತ, ಸಕ್ರಿ ಪೂರಾ ಇಳದು ಜೀವಕ್ಕ ಬಂದೀತು. ನಾಳೆ ತಣ್ಣಗಿರೂವಾಗ ಇನ್ನೊಮ್ಮೆ ನೋಡ್ರಿ. ಆಗೂ ಹೆಚ್ಚಿದ್ರ ಮತ್ತ ಶುರು ಮಾಡೂಣು.”

ನಾನು ಬಾಟಲಿಯನ್ನು ಸುಮ್ಮನೆ ಫ್ರಿಜ್ಜಿಗೆ ಸೇರಿಸಿದೆ.

ಸುದ್ದಿ ಕೇಳಿ ಮಾವ ಊಟ ಬಿಟ್ಟರು. “ನನ್ನ ದನಿನ ಅದಕ್ಕ ಇಷ ಆತೇನು?”

“ಎಲ್ಲಾರಿಗೂ ಆಗೇತಿ. ಅದು ಬೆಕ್ಕು, ಮಷಿನ್ಯಾಗ ತೋರಸ್ತು. ನಾವು ತಡಕೊಂಡೇವಿ,” ಎಂದರು ಅತ್ತೆ. “ನಾಳೆ ಸಕ್ರಿ ನೋಡೂ ಹೊತ್ತಿಗೆ ಹೊಲಕ್ಕ ಹೋಗ್ರಿ.”

“ಈ ಕಾಲ ತಗೊಂಡು? ಹೋದ್ರೂ ಅಂಕಿ ಎಷ್ಟ ಬಂತಂತ ತಿಳಿಯೂತನಕ ನನ್ನ ಜೀವ ನಿಂದರತೈತೇನು? ನಾ ಇಲ್ಲೇ ಇರಾಂವ.”

“ಇದ್ರ ಬಾಯಿ ಮುಚ್ಚೂದಿಲ್ಲಲ್ಲ!”

“ಅಂಕಿ ಕೇಳದ ಹ್ಯಾಂಗಿರ್ಲೆ?”

ಅತ್ತೆ ಅವರನ್ನು ದಿಟ್ಟಿಸಿದರು. “ಸಂತ್ಯಾಗ ಎತ್ತಿನ ರೇಟು ಒದರಿ ಹೇಳ್ತೀರೇನು?”

ಹೇಳುವುದಿಲ್ಲ. ಅದೇ ಆ ಕಸುಬಿನ ವಿಚಿತ್ರ. ಹೊಗಳುವುದು ಆಕಾಶ ಹರಿಯುವಂತೆ. ಆದರೆ ಬೆಲೆಯ ಮಾತು ಬಂದರೆ ದಲ್ಲಾಳಿಗಳು ಟವೆಲ್ಲಿನ ಕೆಳಗೆ ಕೈ ಕೂಡಿಸಿ, ಬೆರಳು ಹಿಡಿದು ಅಂಕಿ ಹೇಳುತ್ತಾರೆ. ಬಾಜೂ ನಿಂತವನಿಗೂ ಗೊತ್ತಾಗುವುದಿಲ್ಲ.

ಮರುದಿನ ಆರೋಹಿಯನ್ನು ಹನಮವ್ವನ ಮನೆಗೆ ಕಳಿಸಿದೆ. ಪಡಸಾಲೆಯಲ್ಲಿ ಅತ್ತೆ-ಮಾವ ಅಕ್ಕಪಕ್ಕ ಕೂತರು, ನಡುವೆ ಟವೆಲ್ಲು, ಅದರ ಕೆಳಗೆ ಕೈ. ಸಾವ್ಕಾರ ಬಿಸಿಲಲ್ಲಿ ಮೈ ಚಾಚಿತ್ತು. ಬಿಸಿ ಬಟ್ಟೆಯಿಂದ ಕಿವಿ ಒತ್ತಿ, ಚುಚ್ಚಿದೆ. ಅದು ಒಂದು ಕಣ್ಣು ತೆರೆದು ಮುಚ್ಚಿತು, ಅಷ್ಟೇ. ಹನಿಯನ್ನು ಪಟ್ಟಿಗೆ ಮುಟ್ಟಿಸಿ ಮಷಿನನ್ನು ಅತ್ತೆಯ ಕಡೆ ತಿರುಗಿಸಿದೆ.

ಅತ್ತೆ ನೋಡಿದರು. ಮುಖದಲ್ಲಿ ಏನನ್ನೂ ತೋರಿಸಲಿಲ್ಲ. ಟವೆಲ್ಲು ಮೆಲ್ಲಗೆ ಅಲುಗಾಡಿತು. ಒಂದು ಬೆರಳು. ಮತ್ತೊಂದು. ಆಮೇಲೆ ನಾಲ್ಕು.

ನೂರಾ ಹದಿನಾಲ್ಕು.

ಮಾವನ ಕೆನ್ನೆ ಉಬ್ಬಿತು, ಕಿವಿ ಕೆಂಪಾಯಿತು, ಮೀಸೆ ಅದುರಿತು. ಬಾಯಿ ಮಾತ್ರ ತೆರೆಯಲಿಲ್ಲ. ತೆರೆಯುವ ಬದಲು ಟವೆಲ್ಲಿನ ಕೆಳಗೆ ಅವರ ಕೈ ಅತ್ತೆಯ ಬೆರಳು ಹಿಡಿದು ಏನೋ ಹೇಳಿತು. ಅತ್ತೆ ಹುಬ್ಬು ಗಂಟಿಕ್ಕಿದರು. ಮತ್ತೆ ಒಂದು, ಒಂದು, ನಾಲ್ಕು. ಮಾವನ ಕೈ ಮತ್ತೆ ಹೊರಳಾಡಿತು.

“ಏನಂತಾರ್ರಿ?” ಎಂದು ನಾನು ತುಟಿಯಲ್ಲೇ ಕೇಳಿದೆ.

“ನೂರಕ್ಕ ಕೊಡು ಅಂತಾರ,” ಎಂದರು ಅತ್ತೆ, ಹಲ್ಲು ಕಚ್ಚಿ. “ಚೌಕಾಶಿ ಮಾಡಾಕತ್ತಾರ!”

ನನಗೆ ನಗು ತಡೆಯಲಾಗದೆ ಸೆರಗು ಬಾಯಿಗೆ ತುರುಕಿಕೊಂಡೆ. ಅತ್ತೆ ಬಿಡಲಿಲ್ಲ, ಮಾವನೂ ಬಿಡಲಿಲ್ಲ. ನನ್ನ ಮದುವೆಯಾದಂದಿನಿಂದ ಅವರಿಬ್ಬರು ಇಷ್ಟು ಹೊತ್ತು ಕೈ ಹಿಡಿದು ಕೂತದ್ದನ್ನು ನಾನು ನೋಡಿರಲಿಲ್ಲ. ಕೊನೆಗೆ ಮಾವ ಸೋತು, ತಲೆಯಾಡಿಸಿ, ವ್ಯಾಪಾರ ಕುದುರಿದ ರೂಢಿಗೆ ಕಿಸೆಯಿಂದ ಹತ್ತರ ನೋಟು ತೆಗೆದು ಅತ್ತೆಯ ಅಂಗೈಯಲ್ಲಿ ಮುಂಗಡದ ಸಂಚಕಾರವೆಂದು ಇಟ್ಟರು.

ಅತ್ತೆ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ನಡೆದರು.