ಇಲಿಯ ನೀರಿಗೆ ಅಳತೆಯಿದೆ, ಇಲಿಯಮ್ಮನ ನೀರಿಗಿಲ್ಲ

ಬೆಳಗಿನ ಐದೂವರೆ. ಪ್ರಯೋಗಾಲಯದ ಹಿಂಭಾಗದ ಕಿಟಕಿಯಿಲ್ಲದ ಕೋಣೆಯಲ್ಲಿ ಇಲಿಯಮ್ಮ ಬಿಳಿ ಇಲಿಗಳನ್ನು ಒಂದೊಂದಾಗಿ ಬೇರೆ ಪೆಟ್ಟಿಗೆಗೆ ದಾಟಿಸುತ್ತಿದ್ದಾರೆ. ಆಮೇಲೆ ಖಾಲಿಯಾದ ಪೆಟ್ಟಿಗೆಯ ಮರದ ಹೊಟ್ಟಿಗೆ ಕೈಹಾಕಿ ಅಲ್ಲಲ್ಲಿ ಒತ್ತಿ ನೋಡುತ್ತಾರೆ. "ಗ್ಲೌಸ್ ಹಾಕಿದ್ರೂ ತೇವ ಗೊತ್ತಾಗುತ್ತೆ," ಎಂದು ಪತ್ರಿಕೆಗೆ ಬರೆಯಲು ಬಂದ ನನಗೆ ಹೇಳುತ್ತಾರೆ. ಕಾವಲುಗಾರನಿಂದ ಹಿಡಿದು ನಿರ್ದೇಶಕರವರೆಗೆ ಎಲ್ಲರ ಬಾಯಲ್ಲೂ ಅವರು ಇಲಿಯಮ್ಮನೇ. ಹತ್ತೊಂಬತ್ತು ವರ್ಷವಾಯಿತು, ಕೆಲಸ ಇನ್ನೂ ಖಾಯಂ ಆಗಿಲ್ಲ.

ಇಲ್ಲಿ ತೊಂಬತ್ತಾರು ಪೆಟ್ಟಿಗೆಗಳಿವೆ. ಅರ್ಧಕ್ಕೆ ಶುದ್ಧ ನೀರು, ಇನ್ನರ್ಧಕ್ಕೆ ಕೆಲವೆಡೆ ಬೋರ್‌ವೆಲ್ ನೀರಿನಲ್ಲೂ ಇರುವ ಆರ್ಸೆನಿಕ್ ಎಂಬ ವಿಷವನ್ನು ಅಳೆದು ಬೆರೆಸಿದ ನೀರು. ಬಣ್ಣವಿಲ್ಲ, ವಾಸನೆಯಿಲ್ಲ. ಅದನ್ನು ಕುಡಿದರೆ ಮೂತ್ರಕೋಶಕ್ಕೆ ಏನಾಗುತ್ತದೆ ಎಂಬುದು ಸಂಶೋಧನೆ.

ಅದನ್ನು ಮೊದಲು ಕಂಡುಹಿಡಿದದ್ದು ಈ ಕೈ. "ಇಲಿಗೆ ಶಿಸ್ತು ಜಾಸ್ತಿ ಸರ್. ಒಂದು ಮೂಲೇಲೇ ಉಚ್ಚೆ ಹೊಯ್ಯುತ್ತೆ. ನಾಲ್ಕನೇ ವಾರಕ್ಕೆ ವಿಷದ ಸಾಲಿನವು ಎಲ್ಲೆಂದ್ರಲ್ಲಿ, ಹನಿಹನಿ ಶುರು ಮಾಡಿದ್ವು." ಹೇಳಲು ಹೋದರೆ ಕಿರಿಯ ಸಂಶೋಧಕ ಮೂಗು ಮುರಿದ. "ನೀರಿನ ಬಾಟ್ಲಿ ಸರಿಯಾಗಿ ಮುಚ್ಚಿರಲ್ಲ ನೀವು, ಸೋರಿದೆ. ಗಮನ ಎಲ್ಲಿರುತ್ತಮ್ಮ?"

ಇಲಿಯಮ್ಮ ವಾದಕ್ಕಿಳಿಯಲಿಲ್ಲ. ಮೂರು ಪೆಟ್ಟಿಗೆಗೆ ಹೊಸ ಹೊಟ್ಟು ಹಾಕಿ, ಅದೇ ಬಾಟಲಿಗಳನ್ನು ಸಿಕ್ಕಿಸಿ, ಇಲಿ ಬಿಡದೆ ಒಂದು ದಿನ ಇಟ್ಟರು. ಮರುದಿನವೂ ಹೊಟ್ಟು ಗರಿಗರಿಯಾಗಿಯೇ ಇತ್ತು. "ಪೆಟ್ಟಿಗೇನೇ ಅವರ ಮೇಜಿನ ಮೇಲಿಟ್ಟು, ಸೋರ್ತಿರೋದು ಬಾಟ್ಲಿ ಅಲ್ಲಪ್ಪ, ಇಲಿ ಅಂದೆ."

ಆಮೇಲೆ ಸಂಶೋಧಕರು ಪೆಟ್ಟಿಗೆಗಳಲ್ಲಿ ಹೀರುಕಾಗದ ಹಾಸಿ ಕಲೆಗಳನ್ನು ಎಣಿಸಿದರು. ಇಲಿಗಳನ್ನು ಕೊಯ್ದು ನೋಡಿದಾಗ ಮೂತ್ರಕೋಶದ ಒಳಪದರ ದಪ್ಪಗಾಗಿತ್ತು. ವರದಿ ಬಂತು. ಬಾಟಲಿ ಒದಗಿಸಿದ ಕಂಪನಿಗೂ ಅದರಲ್ಲಿ ಕೃತಜ್ಞತೆಯಿದೆ, ಇಲಿಯಮ್ಮನ ಸುದ್ದಿಯಿಲ್ಲ. ಓದಿ ನನಗೆ ಮೈಯೆಲ್ಲ ಉರಿಯಿತು. ಅವರಿಗೆ ಉರಿಯುತ್ತಿರುವುದು ಬೇರೆಯದಕ್ಕೆ.

ಅವರ ಒಂದೇ ಕೋಣೆಯ ಮನೆಯಲ್ಲಿ ಜೊತೆಗೆ ಅಕ್ಕ ಇದ್ದಾರೆ. ಓಣಿಗೆಲ್ಲ ಒಂದೇ ಬೋರ್‌ವೆಲ್. "ಅಕ್ಕ ಅರ್ಧ ಗಂಟೆ ಕೂರೋ ಹಾಗಿಲ್ಲ, ಎದ್ದು ಹೋಗ್ಬೇಕು. ಹೋದ ತಿಂಗಳು ರಕ್ತಾನೂ ಬಂತು. ಡಾಕ್ಟ್ರು ಮಾತ್ರೆ ಕೊಟ್ಟಿದ್ದಾರೆ. ನೀರಿಂದಲೇ ಅಂತ ನಾನು ಹೇಳಲ್ಲ. ಒಂದ್ಸಲ ನೋಡಿ ಅಂತೀನಿ, ಅಷ್ಟೇ."

ನೀರಿನಲ್ಲಿ ಆ ವಿಷವಿದೆಯೇ ಎಂದು ನೋಡುವ ಯಂತ್ರ ಇಲಿಕೋಣೆಯಿಂದ ಎರಡು ಬಾಗಿಲು ಆಚೆಗಿದೆ. ಬೋರ್‌ವೆಲ್ ನೀರು ತುಂಬಿಕೊಂಡು ಅವರು ಮೂರು ಸಲ ಕಚೇರಿಗೆ ಹೋಗಿದ್ದಾರೆ. "ಹೊರಗಿನ ನೀರು ತಗೊಳ್ಳೋಕೆ ನಿಯಮ ಇಲ್ಲ" ಎಂಬುದೇ ಉತ್ತರ. ಮೂರನೆಯ ಸಲ ಗುಮಾಸ್ತ ಆ ನೀರನ್ನು ಅವರ ಕಣ್ಣೆದುರೇ ಸಿಂಕಿಗೆ ಸುರಿದ. ಇಲಿಗೆ ಹನಿ ಲೆಕ್ಕದಲ್ಲಿ ಅಳೆದು ಕುಡಿಸುವ ಈ ಮಹಾಶಯರಿಗೆ ಅದೇ ಇಲಿಯ ಹೊಟ್ಟು ಬಾಚುವ ಹೆಂಗಸು ಕುಡಿಯುವ ನೀರು ಮಾತ್ರ ಬೇಡ. ಇದನ್ನು ಸೊಕ್ಕು ಎನ್ನದೆ ಇನ್ನೇನೆನ್ನಲಿ? ಓಣಿಯವರು ಈಗಲೂ ಅದನ್ನೇ ಕುಡಿಯುತ್ತಿದ್ದಾರೆ, ಬೇರೆ ನೀರಿಲ್ಲ.

ಹೊರಡುವಾಗ ಒಂದು ಫೋಟೋ ಕೇಳುತ್ತೇನೆ. ಇಲಿಯಮ್ಮ ಕೈ ಅಡ್ಡ ಹಿಡಿಯುತ್ತಾರೆ.

"ನಂದು ಬೇಡ ಸರ್. ನಮ್ಮ ಬೋರ್‌ವೆಲ್‌ದು ಹಾಕಿ. ಯಾರಾದ್ರೂ ಗುರುತು ಹಿಡಿದು ಬಂದು ನೀರು ನೋಡ್ಲಿ."