ಅಪ್ಪನ ಕಾಲಿನ ಸುದ್ದಿ

ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮಾಡಿದವಳು ನಾನು. ಬಿಎಸ್ಸಿ ಅಷ್ಟೇ ಅಲ್ಲ, ಎಂಎಸ್ಸಿ ಕೂಡ. ದಾವಣಗೆರೆಯ ಒಂದು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಹೇಳಿಕೊಳ್ಳಲು ಸಂಕೋಚವಿಲ್ಲ, ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ಕೂತು ಓದಿ ಪಡೆದದ್ದು. ಭಟ್ಟಿಯಲ್ಲಿ ದುಡಿಯುತ್ತಿದ್ದ ಅಪ್ಪ, "ನನ್ ಮಗಳು ನರ ಓದ್ಯಾಳೆ" ಎಂದು ಓಣಿಗೆಲ್ಲ ಸಾರಿದ್ದ. ಓಣಿಯವರು ಸೊಂಟನೋವು, ಕುತ್ತಿಗೆ ಉಳುಕು ಎಲ್ಲ ನನ್ನ ಮುಂದೆ ತಂದು ಸುರಿಯುತ್ತಿದ್ದರು. ನನ್ನ ಮಾತು ಕೇಳದವರು ಅಪ್ಪ, ಅವ್ವ ಇಬ್ಬರೇ.

ಕಳೆದ ವರ್ಷ ಒಂದು ಸೋಮವಾರ ಇಬ್ಬರೂ ಹರಿಹರದ ದೇವಸ್ಥಾನಕ್ಕೆ ಹೋಗಿ ಬಂದರು. ಅಪ್ಪನ ಒಂದು ಕಾಲಲ್ಲಿ ಚಪ್ಪಲಿ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಗುಡಿಯ ಹೊರಗೆ ಎರಡೂ ಮೆಟ್ಟಿದ್ದು ನೆನಪಿತ್ತು. ಎಲ್ಲಿ ಜಾರಿತೆಂಬುದು ಗೊತ್ತಿರಲಿಲ್ಲ. ಅವ್ವ ಬಾಗಿಲಲ್ಲೇ ಕೈ ಮುಗಿದಳು.

"ದೇವರಿಗೆ ಹೋದಾಗ ಚಪ್ಪಲಿ ಕಳದ್ರೆ ಹಿಡಿದ ಶನಿ ಬಿಟ್ಟಂಗೆ. ಒಳ್ಳೇದಾತು ಬಿಡು."

"ಅರ್ಧ ಬಿಟ್ಟೈತೆ," ಎಂದ ಅಪ್ಪ, ಉಳಿದ ಚಪ್ಪಲಿ ನೋಡುತ್ತ.

ಅಪ್ಪನಿಗೆ ಬಹಳ ವರ್ಷಗಳ ಶುಗರ್. ಚಪ್ಪಲಿ ಜಾರಿದ್ದು ಕಾಲಿಗೇ ತಿಳಿಯಲಿಲ್ಲವೆಂದರೆ ಅದು ಶನಿಯ ಕೆಲಸವಲ್ಲ. ಕೂರಿಸಿ ಅಂಗಾಲು ತಿರುವಿ ನೋಡಿದೆ. ಹಿಮ್ಮಡಿಯ ಹತ್ತಿರ ಎಂದೋ ಒಂದು ಕಲ್ಲುಚೂರು ಹೊಕ್ಕು, ಸುತ್ತ ಕೀವು ಕಟ್ಟಿತ್ತು.

"ನೋವಿಲ್ಲೇನಪ್ಪಾ?"

"ಒಂಚೂರೂ ಇಲ್ಲ. ಭಟ್ಟಿ ಮುಂದೆ ನಿಂತ ಕಾಲವ್ವ ಇದು. ಗಟ್ಟಿ ಐತೆ."

ನರವೆಂದರೆ ಒಂದೇ ಎಳೆಯಲ್ಲ. ಕೂದಲಿಗಿಂತ ಸಣ್ಣ ಎಳೆಗಳ ಕಟ್ಟು. ಎಳೆಗೊಂದು ಹೊದಿಕೆ, ಕಟ್ಟಿಗೊಂದು ಹೊದಿಕೆ, ನಡುವೆ ರಕ್ತ ಉಣಿಸುವ ಸಣ್ಣ ನಾಳಗಳು. ಕೆಲವು ಎಳೆಗಳು ಚರ್ಮದ ಸುದ್ದಿಯನ್ನು ಮೇಲಕ್ಕೆ ಒಯ್ಯುತ್ತವೆ, ಕೆಲವು 'ನಡೆ' ಎಂಬ ಅಪ್ಪಣೆಯನ್ನು ಕೆಳಕ್ಕೆ ತರುತ್ತವೆ. ಶುಗರ್ ಸಾಮಾನ್ಯವಾಗಿ ಮೊದಲು ಕೆಡಿಸುವುದು ಸೊಂಟದಿಂದ ಪಾದದವರೆಗೆ ಹೋದ ಉದ್ದನೆಯ ಎಳೆಗಳನ್ನು. ಅಪ್ಪನ ಕಾಲಿಗೆ ಅಪ್ಪಣೆ ಇಳಿಯುತ್ತಿತ್ತು, ಸುದ್ದಿ ಏರುತ್ತಿರಲಿಲ್ಲ. ನಮ್ಮ ಮನೆಯ ಕಾರುಬಾರೂ ಮೊದಲಿನಿಂದ ಹೀಗೇ ಇದ್ದುದರಿಂದ ಅವನಿಗೆ ಇದರಲ್ಲಿ ರೋಗವೇನೂ ಕಾಣಲಿಲ್ಲ.

"ನೋವಿಲ್ದಿರೋದೇ ಕಾಯಿಲೆ ಅಪ್ಪಾ. ಹಿಂಗೇ ಬಿಟ್ರೆ ಪಾದ ತೆಗೀಬೇಕಾಗ್ತೈತೆ."

"ನೋವಿದ್ರೆ ಡಾಕ್ಟ್ರು, ನೋವಿಲ್ದಿದ್ರೂ ಡಾಕ್ಟ್ರು. ಭಾರಿ ಐತವ್ವ ನಿನ್ ಓದು!"

ಪಾದ ತೆಗೆಯುವ ಮಾತಿಗೆ ಅವ್ವ ಹೆದರಿದಳು. ಅವನನ್ನು ಆಟೋ ಹತ್ತಿಸಿದ್ದು ನನ್ನ ಎಂಎಸ್ಸಿಯಲ್ಲ, ಅವಳ ಅಳು.

ಡಾಕ್ಟರು ಗಾಯ ತೊಳೆದು ಕಟ್ಟಿದರು. ಆಮೇಲೆ ಅಪ್ಪನ ಕಣ್ಣು ಮುಚ್ಚಿಸಿ, ನೈಲಾನ್ ಎಳೆಯೊಂದನ್ನು ಹಿಡಿದು, ಅಂಗಾಲಿಗೆ ಮುಟ್ಟಿಸಿದಾಗ ಹೇಳಬೇಕೆಂದರು. ಅಪ್ಪ ತಾಳ ಹಾಕಿದಂತೆ "ಹೂಂ... ಹೂಂ..." ಎನ್ನತೊಡಗಿದ. ಹೆಬ್ಬೆರಳು, ಹಿಮ್ಮಡಿ, ಎಲ್ಲದಕ್ಕೂ ಹೂಂ.

"ಯಜಮಾನ್ರೇ, ನಾನಿನ್ನೂ ಮುಟ್ಟೇ ಇಲ್ರೀ."

"ಹೆಂಗೂ ಮುಟ್ತೀರಲ್ರೀ," ಎಂದ ಅಪ್ಪ. ಆಮೇಲೆ ನಿಜವಾಗಿ ಮುಟ್ಟಿಸಿದಾಗ ಹೂಂ ಬರಲಿಲ್ಲ. ಕಣ್ಣು ಬಿಟ್ಟು, ಅಂಗಾಲಿಗೆ ಒತ್ತಿ ಹಿಡಿದಿದ್ದ ಎಳೆಯನ್ನು ನೋಡಿದ. ಮೊದಲ ಸಲ ಅವನ ಮುಖದಲ್ಲಿ ಹೆದರಿಕೆ ಕಂಡೆ.

ಗಾಯ ನಿಧಾನಕ್ಕೆ ಮಾಯಿತು, ಪಾದ ಉಳಿಯಿತು. ಹೋದ ಸ್ಪರ್ಶ ಬರಲಿಲ್ಲ. ಈಗ ದಿನಾ ಸಂಜೆ ಅವ್ವ ಅವನ ಅಂಗಾಲನ್ನು ಬೆಳಕಿಗೆ ತಿರುವಿ ನೋಡುತ್ತಾಳೆ. ಅವನ ಪಾದದ ಸುದ್ದಿ ಈಗ ಅವಳ ಕಣ್ಣಿನ ಮೂಲಕ ಮೇಲೇರುತ್ತದೆ. ಜಾರದಂತೆ ಹಿಮ್ಮಡಿಯ ಹಿಂದೆ ಪಟ್ಟಿ ಇರುವ ಮೆತ್ತನೆಯ ಚಪ್ಪಲಿ ತಂದುಕೊಟ್ಟಿದ್ದೇನೆ.

ಮೊನ್ನೆ ಮತ್ತೆ ಹರಿಹರಕ್ಕೆ ಹೊರಟರು. ಅವ್ವ ಆ ಪಟ್ಟಿಯನ್ನೇ ದಿಟ್ಟಿಸಿದಳು.

"ಹಿಂಗೆ ಬಿಗಿದು ಕಟ್ಟಿದ್ರೆ, ಉಳಿದರ್ಧ ಶನಿ ಹೋಗೋದು ಹೆಂಗೆ?"

ಅಪ್ಪ ನನ್ನ ಮುಖ ನೋಡಿದ. ನಾನು ಬಗ್ಗಿ, ಪಟ್ಟಿಯನ್ನು ಇನ್ನೊಂದು ತೂತು ಬಿಗಿ ಮಾಡಿದೆ.